ಬೇಟೆಗೆ ಮುಂಚಿನ ಮಾತು

ಬೇಟೆಯನ್ನು ಕುರಿತು ಕನ್ನಡದ ಕವಿಗಳು ಬರೆದಿರುವುದು ಬಹಳ. ಬೇಟೆಗೆ ಹೊರಡುವುದಕ್ಕೆ ಮುಂಚಿನ ಏರ್ಪಾಡನ್ನು ಕುರಿತು ಬರೆದಿರುವುದು ಅತ್ಯಲ್ಪ. ಬೇಡರು ಬಂದು ಅರಸನಿಗೆ ಬಿನ್ನಹ ಮಾಡುತ್ತಾರೆ; ಮೃಗಗಳ ಹಾವಳಿ ವಿಪರೀತವಾಯಿತೆನ್ನುತ್ತಾರೆ; ಅರಸನು ಏಳುತ್ತಾನೆ; ನಾಲ್ಕು ಪದ್ಯ ಕಳೆಯುವುದರೊಳಗೆ ಬಾಣಗಳು ಹಾರುತ್ತಿರುತ್ತವೆ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿಯೂ ಹೊರಡುವ ಕ್ರಮ ಇದೇ. ಅಲ್ಲಿ ಆ ಬೇಟೆಯಿಂದಲೇ ಅರಸನ ಕಷ್ಟಪರಂಪರೆಗೆ ದಾರಿಯಾಯಿತೆಂಬುದು ಕಥೆಯನ್ನು ಬಲ್ಲವರಿಗೆ ಗೊತ್ತು. ಬಿನ್ನಹಕ್ಕೂ ಬಾಣಕ್ಕೂ ನಡುವೆ ಯಾರು ಯಾರೊಡನೆ ಏನು ಮಾತನಾಡಿಕೊಂಡರು, ಯಾರು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡಿದರು, ತಪ್ಪಿಹೋದ ಮೃಗದ ಹೊಣೆಯನ್ನು ಯಾರ ಮೇಲೆ ಹೊರಿಸಿದರು ಎಂಬುದನ್ನು ಕವಿ ಹೇಳುವುದಿಲ್ಲ. ಅವನಿಗೆ ಅದು ರಸವಿಲ್ಲದ ಸಂಗತಿಯಾಗಿ ತೋರಿರಬೇಕು. ಆದರೆ ನರಸಾಪುರದ ಒಂದು ಮನೆಯಲ್ಲಿ ಈಚೆಗೆ ಮೂರು ತಿಂಗಳ ಕಾಲ ನಡೆದ ಮಾತೆಲ್ಲವೂ ಈ ನಡುವಣ ಭಾಗವನ್ನು ಕುರಿತದ್ದೇ ಆಗಿತ್ತು.

ಕೋಲಾರ ತಾಲ್ಲೂಕಿನ ನರಸಾಪುರವನ್ನು ಇಪ್ಪತ್ತು ವರ್ಷಗಳ ಹಿಂದೆ ಕಂಡವರು ಈಗ ಕಂಡರೆ ಗುರುತು ಹಿಡಿಯಲಾರರು. ರಾಗಿ, ಅವರೆ, ಹಿಪ್ಪುನೇರಿಳೆ, ಟೊಮೇಟೊ ಬೆಳೆಯುತ್ತಿದ್ದ ಹೊಲಗಳ ಪಕ್ಕದಲ್ಲಿ ಕೈಗಾರಿಕಾ ಪ್ರದೇಶವೆದ್ದಿದೆ. 2013ರಲ್ಲಿ ದ್ವಿಚಕ್ರವಾಹನಗಳ ಕಾರ್ಖಾನೆ ಬಂತು. ಬಳಿಕ ಐಫೋನುಗಳನ್ನು ಜೋಡಿಸುವ ಕಾರ್ಖಾನೆ ಬಂತು. ಅದು ಈಗ ಟಾಟಾ ಸಂಸ್ಥೆಯ ಕೈಯಲ್ಲಿದೆ. ಆ ಊರಿನ ಒಂದು ಒಕ್ಕಲುಮನೆಯ ಯಜಮಾನರಿಗೆ ಎಂಬತ್ತೆರಡು ವರ್ಷ. ಅವರ ಮೊಮ್ಮಗನು ಅಮೆರಿಕಾ ದೇಶದ ವಿಸ್ಕಾನ್ಸಿನ್ ಸಂಸ್ಥಾನದ ರಾಜಧಾನಿಯಾದ ಮ್ಯಾಡಿಸನ್ನಿನಲ್ಲಿ ಉದ್ಯೋಗದಲ್ಲಿದ್ದಾನೆ. ಭಾನುವಾರ ರಾತ್ರಿ ಅವನಿಂದ ಫೋನು ಬರುವುದು ವಾಡಿಕೆ. ಅವನ ಕೈಯಲ್ಲಿರುವ ಯಂತ್ರವು ತಾತನ ಹೊಲದಿಂದ ಒಂದು ಹರದಾರಿಯೊಳಗೆ ಜೋಡಿಸಿದ್ದಾದರೂ ಆಗಿರಬಹುದು. ಕಾಲದ ವೈಚಿತ್ರ್ಯವೆಂದರೆ ಇಂಥದು.

ಕಳೆದ ಶ್ರಾವಣದಲ್ಲಿ ಒಂದು ಭಾನುವಾರ ಹುಡುಗನು ಹೇಳಿದ ಸುದ್ದಿ ಇದು: ಅವನ ಕಛೇರಿಯ ಐವರು ಸೇರಿ ನವೆಂಬರು ತಿಂಗಳಲ್ಲಿ ಐದು ದಿನ ಬಿಲ್ಲುಬೇಟೆಗೆ ಹೋಗುವುದೆಂದು ಆಲೋಚಿಸಿದ್ದಾರೆ. ಮಿಸ್ಸಿಸಿಪ್ಪಿ ನದಿಯ ದಂಡೆಯ ಗುಡ್ಡಸೀಮೆಯಾದ ಬಫೆಲೋ ಕೌಂಟಿಯೆಂಬ ಜಿಲ್ಲೆ ಬಿಳಿಬಾಲದ ಜಿಂಕೆಗೆ ಪ್ರಸಿದ್ಧವಾದದ್ದು. ಅಲ್ಲಿ ಜಮೀನನ್ನೂ ಮರದ ಅಟ್ಟಗಳನ್ನೂ ಸಿದ್ಧವಾಗಿಟ್ಟುಕೊಂಡು, ಹಣ ತೆಗೆದುಕೊಂಡು, ದಾರಿ ತೋರಿಸಿ ಬೇಟೆಯಾಡಿಸುವವರು ಇದ್ದಾರೆ. ಐವರಲ್ಲಿ ಲೆಕ್ಕಪತ್ರದಲ್ಲಿ ಗಟ್ಟಿಗನೆಂಬ ಕಾರಣಕ್ಕೆ ಏರ್ಪಾಡಿನ ಹೊರೆಯೆಲ್ಲ ನರಸಾಪುರದ ಹುಡುಗನ ತಲೆಗೆ ಬಂದಿದೆ. ಬಿಲ್ಲನ್ನು ಅವನೂ ಎರಡು ವರ್ಷದಿಂದ ಅಭ್ಯಾಸ ಮಾಡಿದ್ದಾನೆ.

ಅಜ್ಜಿ ಕೂಡಲೆ ಬೇಡವೆಂದರು. ಆ ಮನೆಯಲ್ಲಿ ಮಾಂಸ ನಿಷಿದ್ಧವಲ್ಲ. ಅವರ ವಾದ ಬೇರೆ. “ಕುರಿ ಕೋಳಿ ನಾವು ಸಾಕಿದ್ದು. ಜಿಂಕೆಯನ್ನು ನಾವು ಸಾಕಿದೆವೆ?” ಎಂದು ಕೇಳಿದರು. ಯಜಮಾನರು ಬೇಕೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ತಿಂಗಳಲ್ಲಿ ಅಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ?” ಎಂದರು.

ಈ ಪ್ರಶ್ನೆಗೆ ಹಿಂದೆ ಒಂದು ಕಥೆಯಿದೆ. ಬಯಲುಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಯುಗಾದಿಯ ಸಮಯದಲ್ಲಿ ಊರೆಲ್ಲ ಸೇರಿ ಬೇಟೆಗೆ ಹೋಗುವ ರೂಢಿಯಿತ್ತು. ಆ ಮನೆತನದವರು ತಲೆಮಾರುಗಳಿಂದ ಬಲೆಯನ್ನು ಕಾಯುವವರು. ಕತ್ತಾಳೆಯ ನಾರಿನಿಂದ ಹೆಣೆದ ಆಳುದ್ದದ ಬಲೆ. ಹಬ್ಬಕ್ಕೆ ಎರಡು ದಿನ ಮುಂಚೆ ಅದನ್ನು ಅಟ್ಟದಿಂದ ಇಳಿಸಿ, ಬಿಚ್ಚಿ ನೋಡಿ, ಹರಿದ ಕಣ್ಣುಗಳನ್ನು ಕಟ್ಟುವುದರೊಂದಿಗೆ ಬೇಟೆಯ ಸಿದ್ಧತೆ ಮೊದಲಾಗುತ್ತಿತ್ತು. ಸಂಜೆ ಅರಳಿಕಟ್ಟೆಯ ಮೇಲೆ ಹಿರಿಯರು ಕುಳಿತು ಗೊತ್ತುಮಾಡುತ್ತಿದ್ದರು: ಬಲೆ ಯಾವ ಓಣಿಗೆ ಅಡ್ಡ, ಸೋವುವವರು ಯಾವ ದಿಣ್ಣೆಯಿಂದ, ತಮಟೆ ಯಾವಾಗ, ಯಾರ ನಾಯಿ ಬರಬಾರದು. ಗಾಳಿ ಬಲೆಯ ಕಡೆಯಿಂದ ಮೃಗದ ಕಡೆಗೆ ಬೀಸಿದರೆ ದಿನವೆಲ್ಲ ವ್ಯರ್ಥ; ಆದಕಾರಣ ಹಿಡಿ ಧೂಳನ್ನು ತೂರಿ ನೋಡದೆ ಯಾರೂ ಹೆಜ್ಜೆಯಿಡುತ್ತಿರಲಿಲ್ಲ. ಪಾಲಿನ ಲೆಕ್ಕವೂ ಆಗಲೇ ಮುಗಿಯಬೇಕು. ಮೊದಲು ಹೊಡೆದವನಿಗೆ ಇಷ್ಟು, ಬಲೆಗೆ ಇಷ್ಟು, ನಾಯಿಗೆ ಇಷ್ಟು, ಮನೆಯಲ್ಲಿ ಗಂಡಸರಿಲ್ಲದ ಹೆಂಗಸಿಗೆ ಇಷ್ಟು. ಮೃಗ ಸಿಕ್ಕಿದ ಮೇಲೆ ಪಾಲು ಮಾತನಾಡಿದರೆ ತಲೆ ಒಡೆಯುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಾಯಿಗೆ ಪಾಲೆಂದೊಡನೆ ನಗಬಾರದು. ಮದ್ದೂರು ತಾಲ್ಲೂಕಿನ ಆತಕೂರಿನ ಪ್ರಸಿದ್ಧವಾದ ಶಾಸನವು ಶಕವರ್ಷ 872ರದು, ಅಂದರೆ ಕ್ರಿ. ಶ. 949-50. ಮಣಲೆರನೆಂಬ ವೀರನು ಒಡೆಯನಲ್ಲಿ ಬೇಡಿ ಪಡೆದಿದ್ದ ಕಾಳಿಯೆಂಬ ನಾಯಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಆ ನಾಯಿಗೆ ಕಲ್ಲು ನೆಟ್ಟರು. ಪೂಜೆಗೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪವನ್ನೂ ವಿಧಿಸಿದರು. ಸಾವಿರ ವರ್ಷದ ಹಿಂದೆ ನಾಯಿಯ ಋಣವನ್ನು ಇಷ್ಟು ಕಟ್ಟುನಿಟ್ಟಾಗಿ ತೀರಿಸಿದ ನಾಡಿನಲ್ಲಿ ಹಂದಿಯ ಪಕ್ಷವನ್ನು ವಹಿಸಿ ಯಾರೂ ಕಲ್ಲು ನಿಲ್ಲಿಸಿದಂತೆ ಕಾಣದು. ಆದರೂ ಶಿಲ್ಪಿಯು ನಾಯಿಯ ಎದುರಿಗೆ ಹಂದಿಯನ್ನೂ ಕೆತ್ತಿದ್ದಾನೆ. ಅಷ್ಟುಮಟ್ಟಿಗೆ ಅದಕ್ಕೂ ಶಾಶ್ವತಪದವಿ ದೊರೆತಿದೆ.

ಯಜಮಾನರು ಬೇಟೆಯನ್ನು ಬಿಟ್ಟದ್ದು ಕಾನೂನಿಗೆ ಅಂಜಿ ಅಲ್ಲ. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿಯೇ ಬೇಟೆಯ ಮೃಗಗಳ ಮತ್ತು ಮೀನುಗಳ ರಕ್ಷಣೆಗೆ ಒಂದು ರೆಗ್ಯುಲೇಷನ್ ಆಗಿತ್ತು. ಹಳ್ಳಿಯವರು ಅದನ್ನು ಅಷ್ಟಾಗಿ ಗಣನೆಗೆ ತಂದುಕೊಂಡವರಲ್ಲ. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಬರುವುದಕ್ಕೆ ನಾಲ್ಕಾರು ವರ್ಷ ಮುಂಚೆ, ಒಂದು ಯುಗಾದಿಯಲ್ಲಿ, ಯಾರೋ ನಾಡಬಂದೂಕಿನಿಂದ ದೂರದಿಂದ ಹೊಡೆದ ಏಟು ಒಂದು ಹೆಣ್ಣುಜಿಂಕೆಯ ಹಿಂದೊಡೆಗೆ ತಾಗಿತು. ಅದು ಮೂರು ಕಾಲಿನಲ್ಲಿ ಕೆರೆಯಂಗಳದ ಜಾಲಿಮೆಳೆಗೆ ನುಗ್ಗಿತು. ಕತ್ತಲಾಗುತ್ತಿತ್ತು; ಬಲೆಯಲ್ಲಿ ಆಗಲೇ ಮೊಲಗಳು ಬಿದ್ದಿದ್ದುವು; ಊರಿನಲ್ಲಿ ಒಲೆ ಹೊತ್ತಿತ್ತು. ಹೊಡೆದವನು ಅದು ಸಾಯುವುದಿಲ್ಲವೆಂದನು. ಮತ್ತೊಬ್ಬನು ನಾಳೆ ನೋಡೋಣವೆಂದನು. ಮೂರನೆಯ ದಿನ ಹದ್ದುಗಳು ಸುತ್ತುವುದನ್ನು ಕಂಡು ಹೋಗಿ ನೋಡಿದರೆ ಅದು ಸತ್ತು ಬಹಳ ಹೊತ್ತಾಗಿರಲಿಲ್ಲ. ಆಗ ಅವರಿಗೆ ಇಪ್ಪತ್ತೈದರ ಪ್ರಾಯ. ಮಾರನೆಯ ವರ್ಷ ಬಲೆ ಅಟ್ಟದಿಂದ ಇಳಿಯಲಿಲ್ಲ. ಏಕೆಂದು ಕೇಳಿದವರಿಗೆ ಇಲಿ ಕಡಿದಿದೆಯೆಂದು ಹೇಳಿದರು.

ಜಿಂಕೆಯೆಂಬ ಹೆಸರಿನ ಮಾತು ಬಂದುದರಿಂದ ಒಂದು ವಿಷಯವನ್ನು ಸ್ಪಷ್ಟಪಡಿಸುವುದು ಮೇಲು. ಕೋಲಾರದ ಬಯಲಿನ ಜಿಂಕೆ ಎಂದರೆ ಕೃಷ್ಣಮೃಗ. ಸಂಸ್ಕೃತದಲ್ಲಿ ಏಣವೆಂದು ಹೆಸರಾದದ್ದು. ಅದರ ಗಂಡಿನ ತಿರುಚಿದ ಕೊಂಬು ಹುಟ್ಟಿದ ಮೇಲೆ ಉದುರುವುದಿಲ್ಲ. ಕೋಲಾರ ಚಿನ್ನದ ಗಣಿ ಸೀಮೆಯ ಹುಲ್ಲುಗಾವಲುಗಳಲ್ಲಿ ಅವು ಈಗಲೂ ಇವೆ. ಅಮೆರಿಕಾದ ಬಿಳಿಬಾಲದ್ದು ಬೇರೆ ಕುಲ. ಅದರ ಗಂಡಿಗೆ ಕವಲೊಡೆದ ಕೊಂಬು ಪ್ರತಿವರ್ಷವೂ ಮೂಡಿ ಚಳಿಗಾಲದಲ್ಲಿ ಉದುರುತ್ತದೆ. ಗಾಬರಿಯಾದರೆ ಬಾಲವನ್ನು ಮೇಲಕ್ಕೆತ್ತಿ ಅದರ ಅಡಿಯ ಬಿಳುಪನ್ನು ತೋರಿಸುತ್ತ ಓಡುವುದರಿಂದ ಅದಕ್ಕೆ ಆ ಹೆಸರು.

ಅಜ್ಜಿಯ ಪ್ರಶ್ನೆಗೆ ಹುಡುಗನು ಮುಂದಿನ ಭಾನುವಾರ ಉತ್ತರ ತಂದನು. ಉತ್ತರ ಸ್ವಾರಸ್ಯವಾದದ್ದು. 1900ರ ಸುಮಾರಿಗೆ ಆ ದೇಶದಲ್ಲಿ, ಮಾಂಸಕ್ಕೂ ತೊಗಲಿಗೂ ಲಂಗುಲಗಾಮಿಲ್ಲದೆ ಕೊಂದುದರ ಫಲವಾಗಿ, ಬಿಳಿಬಾಲದ ಜಿಂಕೆಗಳು ಕೆಲವು ಲಕ್ಷಕ್ಕೆ ಇಳಿದಿದ್ದುವು. ಆ ವರ್ಷವೇ ಲೇಸಿ ಶಾಸನ ಬಂದು, ಕದ್ದು ಕೊಂದ ಮೃಗದ ಮಾಂಸವನ್ನು ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಸಾಗಿಸುವುದು ಅಪರಾಧವಾಯಿತು. 1937ರಲ್ಲಿ ಇನ್ನೊಂದು ಶಾಸನದಿಂದ ಬೇಟೆಯ ಬಂದೂಕು ಮದ್ದುಗುಂಡುಗಳ ಮೇಲಿನ ತೆರಿಗೆ ವನ್ಯಮೃಗಗಳ ಪೋಷಣೆಗೇ ಮೀಸಲಾಯಿತು. 1972ರಲ್ಲಿ ಬಿಲ್ಲುಬಾಣಗಳೂ ಆ ತೆರಿಗೆಗೆ ಸೇರಿದುವು. ಈಗ ಆ ಮೃಗಗಳ ಸಂಖ್ಯೆ ಮೂರು ಕೋಟಿಯ ಹತ್ತಿರ. “ಇಲ್ಲಿ ಜಿಂಕೆಯನ್ನು ಸಾಕುವವರೇ ಬೇಟೆಗಾರರು, ಅಜ್ಜಿ” ಎಂದನು ಹುಡುಗ. ಅಜ್ಜಿ ಒಪ್ಪಲಿಲ್ಲ, ಆದರೆ ವಾದವನ್ನು ಅಲ್ಲಿಗೆ ನಿಲ್ಲಿಸಿದರು. ಕಾಲ್ಪನಿಕವಾಗಿ ಈ ಕ್ರಮವನ್ನು ಇಲ್ಲಿಯೂ ತರಬಹುದೆನ್ನುವವರುಂಟು. ನೂರನಲವತ್ತು ಕೋಟಿ ಜನರೂ ಅಂಗೈಯಗಲ ಹುಲ್ಲುಗಾವಲೂ ಇರುವ ದೇಶಕ್ಕೆ ಅದು ಹೊಂದುವ ಮಾತಲ್ಲ. ಕೃಷ್ಣಮೃಗವನ್ನು ಕೊಂದವನಿಗೆ ಇಲ್ಲಿ ಮೂರರಿಂದ ಏಳು ವರ್ಷದವರೆಗೆ ಸೆರೆಯುಂಟು, ಅದೇ ಸರಿ.

ವಿಸ್ಕಾನ್ಸಿನ್ನಿಗೂ ಬಿಲ್ಲಿಗೂ ಹಳೆಯ ನಂಟು. ಬಿಲ್ಲಿಗಾಗಿಯೇ ಮೀಸಲಾದ ಜಿಂಕೆಬೇಟೆಯ ಋತುವನ್ನು ಆ ದೇಶದಲ್ಲಿ ಮೊದಲು ಗೊತ್ತುಮಾಡಿದ್ದು ಅಲ್ಲಿ, 1934ರಲ್ಲಿ. ಮ್ಯಾಡಿಸನ್ನಿನ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಆಲ್ಡೋ ಲಿಯೋಪೋಲ್ಡರು, ತೋಳಗಳನ್ನು ಕೊಂದ ನಾಡಿನಲ್ಲಿ ಜಿಂಕೆಗಳು ಹೆಚ್ಚಿ ಗುಡ್ಡದ ಚಿಗುರನ್ನೆಲ್ಲ ತಿಂದು ಕಡೆಗೆ ತಾವೇ ಹಸಿವಿನಿಂದ ಸಾಯುತ್ತವೆಂದು ಎಚ್ಚರಿಸಿದವರು, ತಾವೂ ಬಿಲ್ಲುಬೇಟೆಯವರು. ಇನ್ನೂ ಹಿಂದಕ್ಕೆ ಹೋದರೆ ಮನಸ್ಸು ಕಲಕುವ ಸಂಗತಿಯೊಂದಿದೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿಗೆ ಹಸಿದು ಬಂದ ಒಬ್ಬ ಮನುಷ್ಯನು ಯಾಹಿ ಎಂಬ ಕುಲದಲ್ಲಿ ಉಳಿದಿದ್ದ ಕಟ್ಟಕಡೆಯವನು. ಅವನನ್ನು ಇಷಿ ಎಂದು ಕರೆದರು. ಅವನ ಭಾಷೆಯಲ್ಲಿ ಮನುಷ್ಯ ಎಂದಷ್ಟೇ ಅದರ ಅರ್ಥ. ತನ್ನ ನಿಜನಾಮವನ್ನು ಅವನು ಯಾರಿಗೂ ಹೇಳಲಿಲ್ಲ. ಅವನಿಗೆ ಚಿಕಿತ್ಸೆ ಮಾಡುತ್ತಿದ್ದ ಸ್ಯಾಕ್ಸ್‌ಟನ್ ಪೋಪ್ ಎಂಬ ವೈದ್ಯನು ಅವನಿಂದ ಬಿಲ್ಲು ಮಾಡುವುದನ್ನೂ ಹೂಡುವುದನ್ನೂ ಕಲಿತನು. ಇಷಿ 1916ರಲ್ಲಿ ಕ್ಷಯದಿಂದ ತೀರಿಕೊಂಡನು. ವೈದ್ಯನು 1923ರಲ್ಲಿ ಬಿಲ್ಲುಬೇಟೆಯನ್ನು ಕುರಿತು ಪುಸ್ತಕ ಬರೆದನು. ಅಲ್ಲಿಂದ ಆ ವಿದ್ಯೆ ಬಿಳಿಯರಲ್ಲಿ ಮತ್ತೆ ಹಬ್ಬಿತು. ಏಕಲವ್ಯನ ಕಥೆಯನ್ನು ತಲೆಕೆಳಗಾಗಿಸಿದಂತಿದೆ. ಇಲ್ಲಿ ಬೇಡನೇ ಗುರು. ದಕ್ಷಿಣೆಯನ್ನು ಮಾತ್ರ ಅವನ ಕುಲವು ಮೊದಲೇ ತೆತ್ತಿತ್ತು.

ಅದು ಹಾಗಿರಲಿ. ಭಾನುವಾರದಿಂದ ಭಾನುವಾರಕ್ಕೆ ಏರ್ಪಾಡು ಬೆಳೆಯಿತು. ಯಜಮಾನರು ಒಂದೊಂದಾಗಿ ಕೇಳುವರು. ಹುಡುಗನು ಗೊತ್ತಿಲ್ಲದ್ದನ್ನು ಮಾರ್ಗದರ್ಶಿಯಿಂದ ತಿಳಿದು ಮುಂದಿನ ವಾರ ಹೇಳುವನು. ಹೋಗುವ ಕಾಲ ನವೆಂಬರು ಏಕೆ? ಆಗ ಅವುಗಳ ಬೆದೆಯ ಕಾಲ; ಹಗಲು ಅಡಗಿರುವ ಗಂಡುಗಳು ಆಗ ಎಚ್ಚರ ತಪ್ಪಿ ಹಗಲಲ್ಲೇ ತಿರುಗುತ್ತವೆ. (ಮೃಗದ ಮೋಹವನ್ನು ಬಳಸಿ ಮೃಗವನ್ನು ಹೊಡೆಯುವುದನ್ನು ಕೇಳಿದರೆ ಪಾಂಡುರಾಜನ ಶಾಪ ನೆನಪಾಗದಿರದು.) ನೆಲದ ಮೇಲೆ ಏಕೆ ನಿಲ್ಲುವುದಿಲ್ಲ? ಮನುಷ್ಯನ ವಾಸನೆಯೂ ಚಲನೆಯೂ ತಿಳಿಯದಿರಲೆಂದು ಮರದ ಮೇಲೆ ಹದಿನೈದು ಇಪ್ಪತ್ತು ಅಡಿ ಎತ್ತರದ ಅಟ್ಟದಲ್ಲಿ ಕೂರುತ್ತಾರೆ. ಜಾರಿ ಬಿದ್ದು ಬೆನ್ನು ಮುರಿದುಕೊಳ್ಳುವವರು ಹಲವರಾದುದರಿಂದ ನೆಲ ಬಿಡುವ ಮೊದಲೇ ಸೊಂಟಕ್ಕೂ ಭುಜಕ್ಕೂ ಪಟ್ಟಿ ಬಿಗಿಯಬೇಕು. ಗಾಳಿ ತಿರುಗಿದರೆ ಆ ಅಟ್ಟಕ್ಕೆ ಅಂದು ಯಾರೂ ಹೋಗತಕ್ಕದ್ದಲ್ಲ. ಪ್ರತಿಯೊಬ್ಬನಿಗೂ ಎರಡೆರಡು ಮರಗಳು ಗೊತ್ತಾಗಿವೆ. ನಾಯಿ? ಜಿಂಕೆಯನ್ನು ಅಟ್ಟಲು ಬಿಡುವಂತಿಲ್ಲ. ಗಾಯಗೊಂಡದ್ದನ್ನು ಹುಡುಕುವುದಕ್ಕೆ ಮಾತ್ರ ಹಗ್ಗ ಹಿಡಿದು ಕರೆದೊಯ್ಯಬಹುದು. ಇದು ಯಜಮಾನರಿಗೆ ಬಹಳ ಹಿಡಿಸಿತು. ಮಾಂಸ? 2002ರಿಂದ ಆ ಸಂಸ್ಥಾನದ ಜಿಂಕೆಗಳಲ್ಲಿ ಮಿದುಳನ್ನು ಕೊರೆಯುವ ಒಂದು ವ್ಯಾಧಿ ಕಂಡುಬಂದಿದೆ. ಮನುಷ್ಯನಿಗೆ ತಗಲಿದ್ದು ಸಿದ್ಧವಾಗಿಲ್ಲವಾದರೂ, ವ್ಯಾಧಿ ಹರಡಿದ ಕಡೆ ಪರೀಕ್ಷೆಯ ಫಲ ತಿಳಿದ ಬಳಿಕ ತಿನ್ನುವುದು ಕ್ಷೇಮವೆಂದು ಅಧಿಕಾರಿಗಳು ಹೇಳುತ್ತಾರೆ. “ಸಾರಿಗೆ ಮುಂಚೆ ಕಾಗದ ಬರಬೇಕೇನು!” ಎಂದು ಅಜ್ಜಿ ಮೊದಲನೆಯ ಸಲ ನಕ್ಕರು.

ಬಾಣ ಕೊಲ್ಲುವ ಬಗೆಯನ್ನು ಹುಡುಗನು ವಿವರಿಸಿದ ರಾತ್ರಿ ಮಾತ್ರ ಯಾರೂ ನಗಲಿಲ್ಲ. ಗುಂಡಿನಂತೆ ಬಾಣವು ಪೆಟ್ಟಿನಿಂದ ಕೆಡವುವುದಿಲ್ಲ. ಅದರ ಅಲಗು ಕೊಯ್ಯುತ್ತದೆ, ರಕ್ತ ಸುರಿದು ಮೃಗ ಸಾಯುತ್ತದೆ. ಶ್ವಾಸಕೋಶಕ್ಕೋ ಹೃದಯಕ್ಕೋ ನಾಟಿದರೆ ಕ್ಷಣಗಳ ಮಾತು. ಹೊಟ್ಟೆಗೆ ನಾಟಿದರೆ ಗಂಟೆಗಟ್ಟಲೆ. ಈಗಿನ ಬಿಲ್ಲುಗಳು 1960ರ ದಶಕದಲ್ಲಿ ಅಲೆನ್ ಎಂಬಾತನು ಕಂಡುಹಿಡಿದ ರಾಟೆಯ ಬಿಲ್ಲುಗಳು. ಪೂರ್ತಿ ಎಳೆದ ಮೇಲೆ ಭಾರ ಇಳಿದು ಗುರಿ ಹಿಡಿದು ನಿಲ್ಲಲು ಅನುಕೂಲ. ಆದರೂ ಬಾಣದ ವೇಗ ಸೆಕೆಂಡಿಗೆ ಮುನ್ನೂರು ಅಡಿಯ ಆಸುಪಾಸು, ಶಬ್ದದ್ದು ಸಾವಿರದ ನೂರು. ಆದಕಾರಣ ಹೆದೆಯ ಸದ್ದು ಜಿಂಕೆಗೆ ಮೊದಲು ತಲಪುತ್ತದೆ. ಅದು ಓಡುವುದಕ್ಕಾಗಿ ಮೈಯನ್ನು ಕುಗ್ಗಿಸುತ್ತದೆ. ಎದೆಗೆ ಬಿಟ್ಟ ಬಾಣ ಬೆನ್ನಿಗೆ ನಾಟುತ್ತದೆ. ದೂರ ಹೆಚ್ಚಿದಷ್ಟೂ ಈ ಅನರ್ಥ ಹೆಚ್ಚು. ದಶರಥನು ಸದ್ದು ಕೇಳಿ ಬಾಣ ಬಿಟ್ಟು ಮುನಿಕುಮಾರನನ್ನು ಕೊಂದನು. ಇಲ್ಲಿ ಸದ್ದನ್ನು ಕೇಳುವುದು ಮೃಗ. ನಾಟಿದ ಮೇಲೆ ಕೂಡಲೆ ಬೆನ್ನಟ್ಟಕೂಡದು. ಅರ್ಧಗಂಟೆಯಾದರೂ ಕಾಯಬೇಕು, ಹೊಟ್ಟೆಗೆ ನಾಟಿದ್ದರೆ ಆರೆಂಟು ಗಂಟೆ. ಬೆನ್ನಟ್ಟಿದರೆ ಅದು ಸಾಯುತ್ತ ಸಾಯುತ್ತ ಹರದಾರಿ ಓಡಿ ಸಿಕ್ಕದೆ ಹೋಗುತ್ತದೆ.

“ಸಿಕ್ಕದೆ ಹೋದರೆ?” ಎಂದರು ಯಜಮಾನರು.

ಹುಡುಗನಲ್ಲಿ ಉತ್ತರವಿರಲಿಲ್ಲ. ಐವರ ಕರಾರಿನಲ್ಲಿ ಹಣ, ವಸತಿ, ಪರವಾನಗಿ, ಊಟ, ಕೊಂಬು ಯಾರಿಗೆ, ಎಲ್ಲವೂ ಇತ್ತು, ಅದೊಂದು ಇರಲಿಲ್ಲ. ಆಗ ಯಜಮಾನರು ಕೆರೆಯಂಗಳದ ಹೆಣ್ಣುಜಿಂಕೆಯ ಕಥೆಯನ್ನು ಹೇಳಿದರು. ಐವತ್ತು ವರ್ಷಕ್ಕೂ ಮಿಕ್ಕಿ ಜೊತೆಯಲ್ಲಿ ಬಾಳಿದ ಅಜ್ಜಿಯೂ ಅದನ್ನು ಕೇಳಿದ್ದು ಅಂದೇ ಮೊದಲು. ಇಲಿ ಕಡಿದ ಬಲೆಯೆಂದೇ ಅವರೂ ನಂಬಿದ್ದರು.

ಬೇಟೆಯ ದೋಷಗುಣಗಳನ್ನು ತೂಗಿ ನೋಡುವುದು ಹಳೆಯ ಚರ್ಚೆ. ಮನುವು ಅದನ್ನು ಕಾಮಜವಾದ ವ್ಯಸನಗಳಲ್ಲಿ ಎಣಿಸಿದನು. ಜೂಜಿಗಿಂತ ಬೇಟೆಯೇ ಕೆಟ್ಟದ್ದೆಂಬ ಪಿಶುನನ ಮತವನ್ನು ಖಂಡಿಸಿ ಕೌಟಿಲ್ಯನು, ಬೇಟೆಯಿಂದ ಮೈಗೆ ವ್ಯಾಯಾಮ, ಕಫಪಿತ್ತಗಳ ನಾಶ, ಚಲಿಸುವ ಗುರಿಯಲ್ಲಿ ಅಭ್ಯಾಸ, ಮೃಗಗಳ ಚಿತ್ತಜ್ಞಾನ, ಇಷ್ಟೂ ಲಾಭವೆಂದನು. ಅಭಯ ಕೊಟ್ಟ ವನದ ಮೃಗವನ್ನು ಕೊಂದವನಿಗೆ ದಂಡವನ್ನೂ ಅವನೇ ವಿಧಿಸಿದನು. ಇವರೆಲ್ಲರೂ ಬೇಟೆಗಾರನಿಗೆ ಏನಾಗುತ್ತದೆಂಬುದನ್ನೇ ನೋಡಿದರು. ಕಾಳಿದಾಸನು ಜಾಣ. ಶಾಕುಂತಲದ ಎರಡನೆಯ ಅಂಕದಲ್ಲಿ ಸೇನಾಪತಿಯ ಬಾಯಲ್ಲಿ ಬೇಟೆಯ ಹೊಗಳಿಕೆಯನ್ನು ಬೇಕಾದಷ್ಟು ಆಡಿಸಿ, ಮುಂದೆ ಹೋಗಿದ್ದ ಸೋವುವವರನ್ನು ಹಿಂದಕ್ಕೆ ಕರೆಸಿಬಿಟ್ಟನು. ಸಿದ್ಧವಾದ ಬೇಟೆ ಅಲ್ಲಿಗೆ ನಿಂತಿತು. ನಿಂತ ಕಾರಣ ದಯೆಯೊಂದೇ ಅಲ್ಲ, ಶಕುಂತಲೆಯೂ ಹೌದೆಂಬುದನ್ನು ವಾಚಕರು ಬಲ್ಲರು.

ಹುಡುಗನು ಕರಾರಿಗೆ ಎರಡು ಮಾತುಗಳನ್ನು ಸೇರಿಸಿ ಉಳಿದ ನಾಲ್ವರಿಗೆ ಕಳುಹಿಸಿದನು. ಒಂದು: ಇಪ್ಪತ್ತು ಗಜಕ್ಕೆ ಮೀರಿ ಯಾರೂ ಬಾಣ ಬಿಡತಕ್ಕದ್ದಲ್ಲ, ಅಷ್ಟು ದೂರದಿಂದ ಊಟದ ತಟ್ಟೆಯಗಲದ ಗುರಿಗೆ ಐದಕ್ಕೆ ಐದು ಬಾಣ ಹಾಕಲಾರದವನು ಅಕ್ಟೋಬರು ಕಳೆದ ಮೇಲೆ ಬಿಲ್ಲಿಲ್ಲದೆ ಬರತಕ್ಕದ್ದು. ಎರಡು: ಯಾರ ಬಾಣವೇ ನಾಟಲಿ, ಮೃಗ ಸಿಕ್ಕುವವರೆಗೆ, ಅಥವಾ ಮಾರ್ಗದರ್ಶಿಯೂ ನಾಯಿಯೂ ಸಿಕ್ಕದೆಂದು ಕೈಬಿಡುವವರೆಗೆ, ಐವರೂ ಅಟ್ಟದಿಂದ ಇಳಿದು ಹುಡುಕತಕ್ಕದ್ದು. ಹೊಡೆದವನಿಗೆ ಆ ವರ್ಷ ಇನ್ನೊಂದು ಬಾಣವಿಲ್ಲ.

ಮೊದಲನೆಯದನ್ನು ಎಲ್ಲರೂ ಒಪ್ಪಿದರು. ಎರಡನೆಯದರಲ್ಲಿ ತಕರಾರು ಬಂತು. ಐದು ದಿನಕ್ಕೆಂದು ಹಣ ತೆತ್ತ ಮೇಲೆ ಮತ್ತೊಬ್ಬನ ಕೈತಪ್ಪಿಗೆ ತಾನೇಕೆ ಒಂದು ದಿನ ಕಳೆದುಕೊಳ್ಳಬೇಕೆಂದು ಐವರಲ್ಲೊಬ್ಬನು ಕೇಳಿದನು. ಅವನು ಕೆಟ್ಟವನಲ್ಲ, ಐವರಲ್ಲಿ ಬಿಲ್ಲಿನಲ್ಲಿ ಎಲ್ಲರಿಗಿಂತ ನುರಿತವನು, ಮೊದಲು ಈ ಯೋಚನೆಯನ್ನು ಎತ್ತಿದವನೂ ಅವನೇ, ಹುಡುಗನು ಆ ಊರಿಗೆ ಹೊಸಬನಾಗಿ ಬಂದಾಗ ಮನೆ ಹುಡುಕಿಕೊಟ್ಟವನು. ಎರಡು ವಾರ ಪತ್ರವ್ಯವಹಾರ ನಡೆಯಿತು. ಮಾತನ್ನು ಸಡಿಲಿಸೆಂದು ಮತ್ತಿಬ್ಬರು ಹೇಳಿನೋಡಿದರು. ಹುಡುಗನು ಭಾನುವಾರ ತಾತನನ್ನು ಕೇಳಿದನು. “ಅಂದು ಕೆರೆಗೆ ಇಳಿದಿದ್ದರೆ ಬೆಳಗಾಗುವುದರೊಳಗೆ ಸಿಕ್ಕುತ್ತಿತ್ತು. ನಾಲ್ಕು ಜನ ಸಾಕಾಗಿತ್ತು” ಎಂದಷ್ಟೇ ಅವರು ಹೇಳಿದರು. ಹುಡುಗನು ಸಡಿಲಿಸಲಿಲ್ಲ, ನುರಿತವನು ಬಿಟ್ಟುಹೋದನು. ಕಛೇರಿಯಲ್ಲಿ ಈಗ ಅವನೊಡನೆ ಮಾತು ಕಡಮೆಯಾಗಿದೆಯಂತೆ.

ಉಳಿದವರು ನಾಲ್ವರು. ಮುಂಗಡ ಹಣ ಹಿಂದಕ್ಕೆ ಬರುವುದಿಲ್ಲವಾದ್ದರಿಂದ ಐದನೆಯವನ ಪಾಲನ್ನು ನಾಲ್ವರೂ ಹಂಚಿಕೊಂಡಿದ್ದಾರೆ. ಒಬ್ಬನಿಗೆ ತಟ್ಟೆಯ ಗುರಿ ಇನ್ನೂ ಒದಗಿಲ್ಲ. ಹುಡುಗನದು ಐದಕ್ಕೆ ನಾಲ್ಕು, ಒಮ್ಮೊಮ್ಮೆ ಐದು. ಅಕ್ಟೋಬರು ಮುಗಿಯಲು ಒಂಬತ್ತು ದಿನವಿದೆ. ಅವನ ಬಾಣಗಳ ಲೆಕ್ಕವನ್ನು ಅಜ್ಜಿ ಪ್ರತಿ ವಾರವೂ ಕೇಳುತ್ತಾರೆ. ಐದು ಆಗಲೆಂದು ಕೇಳುವರೋ ಆಗದಿರಲೆಂದು ಕೇಳುವರೋ ಅವರು ಬಾಯಿಬಿಟ್ಟು ಹೇಳಿಲ್ಲ. ಹುಡುಗನು ನೋಡಬೇಕೆಂದದ್ದರಿಂದ ಯಜಮಾನರು ಬಲೆಯನ್ನು ಅಟ್ಟದಿಂದ ಇಳಿಸಿ ಅಂಗಳದಲ್ಲಿ ಹರವಿದರು. ಇಷ್ಟು ವರ್ಷದಲ್ಲಿ ಇಲಿ ನಿಜವಾಗಿಯೂ ಕಡಿದಿತ್ತು. ಕಡಿಯದೆ ಉಳಿದ ಮೂರು ಮಾರನ್ನು ಅಜ್ಜಿ ಟೊಮೇಟೊ ಸಸಿಮಡಿಯ ಮೇಲೆ ನವಿಲು ಬಾರದಂತೆ ಕಟ್ಟಿಸಿದ್ದಾರೆ.